ಗುರುವಾರದ ಸಭೆ: ನಿವೃತ್ತರ ವಸತಿಯೊಂದರಲ್ಲಿ ನಡೆದ ಮಾತುಕತೆಯ ಅನುಭವ

ನಿವೃತ್ತರಿಗೆಂದೇ ಕಟ್ಟಿರುವ ವಸತಿ ಸಮುಚ್ಚಯಗಳ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಊಟದ ರುಚಿ, ವೈದ್ಯರ ಲಭ್ಯತೆ, ಲಿಫ್ಟು ಮತ್ತು ತಿಂಗಳ ನಿರ್ವಹಣಾ ವೆಚ್ಚದ ಬಗ್ಗೆ ಕೇಳುತ್ತಾರೆ. ಅಲ್ಲಿರುವವರು ದಿನವಿಡೀ ಏನು ಮಾತನಾಡಿಕೊಳ್ಳುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮೈಸೂರಿನ ಹೊರವಲಯದ ಇಂಥದೊಂದು ವಸತಿಗೆ ಬಂದು ನೆಲೆಸಿದ ಮೇಲೆ, ಇಲ್ಲಿಯ ಬದುಕು ಸಹನೀಯವಾಗುವುದೂ ಅಸಹನೀಯವಾಗುವುದೂ ಬಹುಮಟ್ಟಿಗೆ ಆ ಮಾತಿನ ಗುಣವನ್ನೇ ಅವಲಂಬಿಸಿದೆ ಎಂಬುದು ನನಗೆ ಮನದಟ್ಟಾಗಿದೆ. ನಮ್ಮಲ್ಲಿ ಪ್ರತಿ ಗುರುವಾರ ಸಂಜೆ ನಡೆಯುವ ಸಭೆ ಹೇಗೆ ಹುಟ್ಟಿತು, ಅಲ್ಲಿ ರಾಜಕೀಯ, ವಿಜ್ಞಾನ, ಆರೋಗ್ಯಗಳ ವಿಚಾರವನ್ನು ನಾವು ಹೇಗೆ ಚರ್ಚಿಸಿದೆವು, ಕೊನೆಗೆ ಆ ಚರ್ಚೆ ನಮ್ಮಲ್ಲಿ ಹಲವರನ್ನು ಲಿವಿಂಗ್ ವಿಲ್, ಅಂದರೆ ಗುಣವಾಗದ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ತಿಳಿಸುವ ಕಾಗದ, ಬರೆದಿಡುವವರೆಗೆ ಹೇಗೆ ಕರೆದೊಯ್ದಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಸಭೆಗೆ ಕಾರಣವಾದದ್ದು ಒಂದು ನಿಷೇಧ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯ ಹೊತ್ತಿಗೆ ಊಟದ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಅದುವರೆಗೆ ಒಂದೇ ಮೇಜಿನಲ್ಲಿ ಕುಳಿತು ಇಡ್ಲಿ ತಿನ್ನುತ್ತಿದ್ದ ಇಬ್ಬರು ಹಿರಿಯರು ಪರಸ್ಪರ ಮುಖ ನೋಡುವುದನ್ನೇ ಬಿಟ್ಟರು. ಆಡಳಿತ ಕಚೇರಿಯವರು ಶಾಂತಿ ಕಾಪಾಡುವ ಉದ್ದೇಶದಿಂದ, ಊಟದ ಮನೆಯಲ್ಲಿ ರಾಜಕೀಯ ಮಾತನಾಡಬಾರದೆಂದು ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸಿದರು. ಆದರೆ ಮಾತು ನಿಲ್ಲಲಿಲ್ಲ. ಒಂದೇ ಅಭಿಪ್ರಾಯದವರು ತಮ್ಮ ತಮ್ಮ ಕೋಣೆಗಳಲ್ಲಿ ಸೇರಿಕೊಂಡು ತಮ್ಮದೇ ಮಾತಿಗೆ ತಾವೇ ತಲೆದೂಗತೊಡಗಿದರು. ಅದೇ ಚುನಾವಣೆಯಲ್ಲಿ 80 ವರ್ಷ ದಾಟಿದವರು ಬಯಸಿದರೆ ಮನೆಯಲ್ಲಿಯೇ ಮತ ಹಾಕುವ ಅವಕಾಶವನ್ನು ಚುನಾವಣಾ ಆಯೋಗ ಕೊಟ್ಟಿತ್ತು. ನಮ್ಮ ನೆಲಮಹಡಿಯ ಹಿರಿಯರೊಬ್ಬರು, ಗಾಲಿಕುರ್ಚಿಯಲ್ಲಿಯೇ ಕುಳಿತು, ಮರೆಯಲ್ಲಿ ಮತಪತ್ರಕ್ಕೆ ಗುರುತು ಹಾಕಿ, ಅದನ್ನು ಲಕೋಟೆಗೆ ಸೇರಿಸಿ ತಮ್ಮ ಕೈಯಿಂದಲೇ ಅಂಟಿಸಿ ಅಧಿಕಾರಿಗಳಿಗೆ ಒಪ್ಪಿಸಿದ್ದರು. ಮತ ಹಾಕಲು ಇಷ್ಟು ಗೌರವ ಪಡೆದವರಿಗೆ, ಆ ಮತದ ಹಿಂದಿನ ವಿಚಾರವನ್ನು ನಾಲ್ಕು ಜನರೊಂದಿಗೆ ಹಂಚಿಕೊಳ್ಳಲು ಜಾಗವಿಲ್ಲವೆಂಬುದು ನನಗೆ ಸರಿಕಾಣಲಿಲ್ಲ. ಮೂರು ದಶಕಗಳ ಕಾಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ತರಗತಿಯನ್ನು ಸುಮ್ಮನಿರಿಸುವುದಕ್ಕಿಂತ ಸರಿಯಾಗಿ ಮಾತನಾಡಿಸುವುದು ಕಷ್ಟವೆಂದೂ ಅದಕ್ಕಿಂತ ಮುಖ್ಯವೆಂದೂ ಬಲ್ಲೆ.

ಕೆಲವರು ಸೇರಿ ಕಚೇರಿಗೆ ಹೋಗಿ, ಗ್ರಂಥಾಲಯದ ಕೋಣೆಯನ್ನು ವಾರಕ್ಕೊಂದು ಸಂಜೆ ಬಿಟ್ಟುಕೊಡುವಂತೆ ಕೇಳಿದೆವು. ಹೊಣೆ ಯಾರದು ಎಂಬ ಪ್ರಶ್ನೆ ಬಂದಾಗ, ನಿವೃತ್ತ ತಹಶೀಲ್ದಾರರೊಬ್ಬರು ನಿಯಮಗಳನ್ನು ಬರೆದುಕೊಡುವುದಾಗಿ ಒಪ್ಪಿದರು. ನಿಯಮಗಳ ಮೂಲ ಕಲ್ಪನೆ ಬಂದದ್ದು ಮಾತ್ರ ಬೆಂಗಳೂರಿನ ಬಸವನಗುಡಿಯಲ್ಲಿ ಬೆಳೆದ ಒಬ್ಬ ಹಿರಿಯರಿಂದ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಈ ಹಿರಿಯರು ತಾವು ಗುಮಾಸ್ತರಾಗಿದ್ದ ಕಾಲದಲ್ಲಿ ನ್ಯಾಷನಲ್ ಕಾಲೇಜಿಗೆ ಹೋಗುತ್ತಿದ್ದರು. ಉಪನ್ಯಾಸ ಮುಗಿದ ಮೇಲೆ ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದೆಂಬುದು ಅವರ ಮನಸ್ಸಿನಲ್ಲಿ ಆಳವಾಗಿ ಉಳಿದಿತ್ತು. ಹೀಗಾಗಿ ನಮ್ಮ ಮೊದಲ ನಿಯಮ, ಮಾತನಾಡುವವರು ತಮಗೆ ಆ ಸಂಗತಿ ಹೇಗೆ ತಿಳಿಯಿತು ಎಂಬುದನ್ನು ಮೊದಲು ಹೇಳಬೇಕು ಎಂಬುದಾಯಿತು. ಕಣ್ಣಾರೆ ಕಂಡದ್ದೋ, ಓದಿದ್ದೋ, ಇನ್ನೊಬ್ಬರು ಹೇಳಿದ್ದೋ ಎಂಬುದು ಸ್ಪಷ್ಟವಾಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಓದಿ ಹೇಳುವಂತಿಲ್ಲ. ಅದರ ಮೂಲ ಹುಡುಕಿಕೊಂಡು ಬಂದರೆ ಮುಂದಿನ ವಾರ ಅವಕಾಶ ಉಂಟು.

ಎರಡನೆಯ ನಿಯಮವನ್ನು ನಮ್ಮ ಕಿವಿಗಳು ರೂಪಿಸಿದವು. ಶ್ರವಣ ಸಾಧನ ಹಾಕಿಕೊಂಡವರಿಗೆ ಇಬ್ಬರು ಒಟ್ಟಿಗೆ ಮಾತನಾಡಿದರೆ ಏನೂ ತಿಳಿಯುವುದಿಲ್ಲ. ಎಲ್ಲ ಧ್ವನಿಗಳೂ ಕಲಸಿಹೋಗುತ್ತವೆ. ಅದಕ್ಕಾಗಿ ಒಂದು ಕೈ ಮೈಕು ತರಿಸಿದೆವು. ಮೈಕು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತನಾಡಬೇಕು. ಅದು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟುವಷ್ಟರಲ್ಲಿ ಸಿಟ್ಟಿನ ಮಾತು ಎಷ್ಟೋ ಸಲ ತಣ್ಣಗಾಗುತ್ತಿತ್ತು. ಕೈ ನಡುಗುವವರು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಆರಂಭಿಸುತ್ತಿದ್ದರು, ಉಳಿದವರು ಕಾಯುತ್ತಿದ್ದರು. ಹೀಗೆ ಕಾಯುವುದು ನಮ್ಮ ಸಭೆಗೆ ಒಂದು ಗಾಂಭೀರ್ಯವನ್ನು ತಂದುಕೊಟ್ಟಿತು ಎಂದೇ ನಾನು ನಂಬಿದ್ದೇನೆ.

ರಾಜಕೀಯದ ಸಭೆಗಳಲ್ಲಿ ಪಕ್ಷಗಳ ಹೊಗಳಿಕೆ ತೆಗಳಿಕೆಗಳಿಂದ ಹೆಚ್ಚೇನೂ ಹುಟ್ಟಲಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಕುರಿತು ಪರ ವಿರೋಧದ ಮಾತುಗಳು ಬಂದವು. ನಮ್ಮ ವಸತಿಯಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಟಿಕೆಟ್ಟಿನ ಹಣ ಉಳಿದದ್ದನ್ನು ಯಾವುದಕ್ಕೆ ಬಳಸುತ್ತಾರೆಂದು ಅವರನ್ನೇ ಕೇಳಿ ಬಂದವರೊಬ್ಬರ ಮಾತಿಗೆ ಮಾತ್ರ ತೂಕವಿತ್ತು. ಆದರೆ ಭೂಸುಧಾರಣೆಯ ವಿಚಾರ ಬಂದ ಗುರುವಾರವನ್ನು ನಾನು ವಿವರವಾಗಿಯೇ ಹೇಳಬೇಕು, ಏಕೆಂದರೆ ಆ ಕಾನೂನಿನ ಎರಡೂ ಬದಿಯಲ್ಲಿದ್ದವರು ಅಂದು ಒಂದೇ ಕೋಣೆಯಲ್ಲಿದ್ದರು.

ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳುವಂತಾಯಿತು. ಉಡುಪಿಯ ಕಡೆಯ ಹಿರಿಯ ಮಹಿಳೆಯೊಬ್ಬರು ಮೈಕು ಹಿಡಿದು, ತಂದೆ ತೀರಿಕೊಂಡ ಮೇಲೆ ಗೇಣಿಯಾಗಿ ಬರುತ್ತಿದ್ದ ಮುಡಿ ಅಕ್ಕಿಯಲ್ಲಿಯೇ ತಮ್ಮ ತಾಯಿ ಮಕ್ಕಳನ್ನು ಸಾಕುತ್ತಿದ್ದರೆಂದೂ, ಒಂದು ವರ್ಷ ಆ ಅಕ್ಕಿ ಬರಲೇ ಇಲ್ಲವೆಂದೂ, ತಾಯಿ ಕುತ್ತಿಗೆಯ ಸರ ಮಾರಿ ಆ ಮಳೆಗಾಲ ಕಳೆದರೆಂದೂ ಹೇಳಿದರು. ದೊಡ್ಡ ಜಮೀನುದಾರರಿಗೂ ವಿಧವೆಯೊಬ್ಬಳ ತುಂಡು ಗದ್ದೆಗೂ ಕಾನೂನು ಒಂದೇ ಅಳತೆಗೋಲು ಹಿಡಿಯಿತು ಎಂಬುದು ಅವರ ನೋವು. ಅವರ ಎದುರಿಗೆ ಕುಳಿತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರರು ಅದೇ ಜಿಲ್ಲೆಯವರು. ಅವರ ತಂದೆ ಚಾಲಗೇಣಿಯ, ಅಂದರೆ ಒಡೆಯರು ಬೇಕೆಂದಾಗ ಬಿಡಿಸಬಹುದಾದ ಗೇಣಿಯ, ಒಕ್ಕಲು. "ಅಕ್ಕ, ನಮ್ಮ ಅಪ್ಪ ಡಿಕ್ಲರೇಶನ್ ಹಾಕಿದ ಮೇಲೆ ಧಣಿಗಳ ಮನೆಯ ಎದುರಿನ ದಾರಿಯಲ್ಲಿ ನಡೆಯಲು ಅಂಜಿ, ಗದ್ದೆಯ ಹುಣಿಯ ಮೇಲೆ ಸುತ್ತು ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದರು" ಎಂದು ಅವರು ಆರಂಭಿಸಿದರು. ಹೆಬ್ಬೆಟ್ಟು ಒತ್ತಿದ ಆ ಅರ್ಜಿಯಿಂದಲೇ ತಾವು ಕಾಲೇಜಿನ ಮೆಟ್ಟಿಲು ಹತ್ತಿದ್ದೆಂದೂ, ಮಂಡಳಿಯ ಮುಂದೆ ನಿಂತ ದಿನ ತಂದೆಗೆ ಮಾತೇ ಹೊರಡದೆ, ತಾವು ಬೇಸಾಯ ಮಾಡುತ್ತಿದ್ದ ಗದ್ದೆಯ ನಾಲ್ಕು ಗಡಿಗಳನ್ನು ಮಾತ್ರ ತಪ್ಪಿಲ್ಲದೆ ಹೇಳಿದರೆಂದೂ ವಿವರಿಸಿದರು.

ಆಕೆ ಮತ್ತೆ ಮೈಕು ಕೇಳಿ ಪಡೆದರು. ಅವರು ಪ್ರತಿವಾದ ಹೂಡುತ್ತಾರೆಂದು ನಾವು ಎಣಿಸಿದ್ದೆವು. ಅವರು ಕೇಳಿದ್ದು, ಆ ಗದ್ದೆಯನ್ನು ಈಗ ಯಾರು ಬೇಸಾಯ ಮಾಡುತ್ತಿದ್ದಾರೆ ಎಂದು. ಯಾರೂ ಮಾಡುತ್ತಿಲ್ಲ, ತಮ್ಮಂದಿರು ಅಡಿಕೆ ಹಾಕಿದ್ದಾರೆ ಎಂಬ ಉತ್ತರ ಬಂತು. ಕಾನೂನಿನ ಬಗ್ಗೆ ಇಬ್ಬರ ಅಭಿಪ್ರಾಯವೂ ಅಂದು ಬದಲಾಗಲಿಲ್ಲ, ಬದಲಾಗಬೇಕೆಂದೂ ನಾನು ಬಯಸಲಿಲ್ಲ. ಆದರೆ ಪುಸ್ತಕಗಳಲ್ಲಿ ಎರಡು ಬೇರೆ ಬೇರೆ ಅಧ್ಯಾಯಗಳಾಗಿ ಓದಿದ್ದ ಸಂಗತಿಯನ್ನು ಒಂದೇ ಸಂಜೆ ಎರಡು ಬಾಯಿಗಳಿಂದ ಕೇಳಿದ್ದು ನಮ್ಮೆಲ್ಲರ ಪಾಲಿನ ಭಾಗ್ಯ. ಊಟದ ಮನೆಯ ಫಲಕದ ಹಾಳೆಯನ್ನು ಇನ್ನು ತೆಗೆಯಬಹುದೆಂದು ತಹಶೀಲ್ದಾರರು ಕಚೇರಿಗೆ ಬರೆದದ್ದು ಅದರ ನಂತರವೇ.

ವಿಜ್ಞಾನದ ವಿಚಾರದಲ್ಲಿ ನಮ್ಮನ್ನು ಪರೀಕ್ಷಿಸಿದ್ದು 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ. ರಾತ್ರಿ 9 ಗಂಟೆ 57 ನಿಮಿಷಕ್ಕೆ ಗ್ರಹಣ ಸ್ಪರ್ಶ, 11ರಿಂದ 12 ಗಂಟೆ 22 ನಿಮಿಷದವರೆಗೆ ಪೂರ್ಣ ಗ್ರಹಣ. ಶಾಸ್ತ್ರದ ಲೆಕ್ಕದಲ್ಲಿ ವೇಧ, ಅಂದರೆ ಗ್ರಹಣಕ್ಕೆ ಮುಂಚಿನ ಊಟ ಮಾಡಬಾರದ ಅವಧಿ, ಮಧ್ಯಾಹ್ನದ ಸುಮಾರಿಗೇ ಹಿಡಿಯುತ್ತದೆ. ರಾತ್ರಿಯ ಅಡುಗೆ ಬೇಡವೆಂದು ಕೆಲವರೂ, ಎಂದಿನಂತೆ ಊಟ ಬೇಕೆಂದು ಕೆಲವರೂ ಅಡುಗೆಯವರಿಗೆ ಹೇಳಿ ಕಳುಹಿಸಿದ್ದರು. ಇದು ಬರಿಯ ನಂಬಿಕೆಯ ಪ್ರಶ್ನೆಯಾಗಿರಲಿಲ್ಲ. ಉಪವಾಸವಿರಲು ನಿರ್ಧರಿಸಿದವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರೂ ಇದ್ದರು. ನಮ್ಮಲ್ಲಿ ಎಲ್ಲರೂ ಸಿಸ್ಟರ್ ಎಂದು ಕರೆಯುವ, ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿ ನಿವೃತ್ತರಾದವರು ಅವರಲ್ಲೊಬ್ಬರಾದ ರಾಯರಿಗೆ ಸಭೆಯಲ್ಲಿ ನೇರವಾಗಿಯೇ ಹೇಳಿದರು: "ರಾಯರೇ, ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಶುಗರ್ ಇಳಿದು ಪ್ರಜ್ಞೆ ತಪ್ಪುತ್ತದೆ. ನಡುರಾತ್ರಿ ನೀವು ಏಳದೆ ಹೋದರೆ ನಿದ್ದೆಯೋ ಮೂರ್ಛೆಯೋ ಯಾರಿಗೂ ಗೊತ್ತಾಗುವುದಿಲ್ಲ."

ರಾಯರು ಒಪ್ಪಲಿಲ್ಲ. ಆಗ ನಮ್ಮ ನಿಯಮ ನೆರವಿಗೆ ಬಂತು. ಉಪವಾಸದ ವಿಧಿ ಎಲ್ಲಿಂದ ತಿಳಿಯಿತು ಎಂಬ ಪ್ರಶ್ನೆಗೆ ಅವರು ಪಂಚಾಂಗ ಎಂದರು. ನಿವೃತ್ತ ಸಂಸ್ಕೃತ ಅಧ್ಯಾಪಕರು ತಮ್ಮ ಕೋಣೆಯಿಂದ ಪಂಚಾಂಗವನ್ನೇ ತಂದು, ಬಾಲರು, ವೃದ್ಧರು, ರೋಗಿಗಳಿಗೆ ಉಪವಾಸದ ಅವಧಿಯನ್ನು ಕಡಿಮೆ ಮಾಡಿರುವ ಸಾಲುಗಳಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ರಾಯರು ಕನ್ನಡಕ ಸರಿಪಡಿಸಿಕೊಂಡು ತಾವೇ ಮತ್ತೊಮ್ಮೆ ಓದಿಕೊಂಡರು. ಅಂದು ಸಂಜೆ ಬೇಗನೆ ಊಟ ಮುಗಿಸಿದವರಲ್ಲಿ ಅವರೂ ಒಬ್ಬರು. ನನಗೆ ಗ್ರಹಣಕಾಲದ ಉಪವಾಸದಲ್ಲಿ ನಂಬಿಕೆಯಿಲ್ಲ, ಆಹಾರಕ್ಕೆ ಭೂಮಿಯ ನೆರಳಿನಿಂದ ಏನೂ ಆಗದೆಂದು ಸಭೆಯಲ್ಲಿಯೇ ಹೇಳಿದ್ದೇನೆ. ಆದರೂ ಒಬ್ಬರನ್ನು ಅವರದೇ ಗ್ರಂಥದ ಮೂಲಕ ಅಪಾಯದಿಂದ ಪಾರುಮಾಡಿದ ಅಧ್ಯಾಪಕರ ಬಗ್ಗೆ ನನಗೆ ಅಪಾರ ಗೌರವ. ಆ ರಾತ್ರಿ ತಾರಸಿಯ ಮೇಲೆ, ಮೋಡ ಸರಿದಾಗಲೆಲ್ಲ, ಬೈನಾಕ್ಯುಲರ್ ಹಿಡಿದು ನೋಡಿದೆವು. ಭೂಮಿಯ ಅಂಚಿನ ವಾತಾವರಣದಲ್ಲಿ ಬಾಗಿ ಬರುವ ಬೆಳಕಿನಲ್ಲಿ ನೀಲಿ ಚದುರಿಹೋಗಿ ಕೆಂಪು ಮಾತ್ರ ಚಂದ್ರನನ್ನು ತಲುಪುತ್ತದೆಂದು ವಿವರಿಸಿದಾಗ, ಹಾಗಾದರೆ ಆ ಹೊತ್ತಿಗೆ ಚಂದ್ರನ ಮೇಲೆ ನಿಂತವರಿಗೆ ಭೂಮಿಯ ಸುತ್ತ ಕೆಂಪು ಬಳೆ ಕಾಣಬೇಕಲ್ಲವೇ ಎಂದು ಕೇಳಿದವರು, ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟಿದ್ದ ಹಿರಿಯ ಮಹಿಳೆ. ಅವರ ಊಹೆ ಪೂರ್ತಿ ಸರಿ.

ಇಷ್ಟರ ಹೊತ್ತಿಗೆ ನಮ್ಮ ನಡುವೆ ಬೆಳೆದಿದ್ದ ನಂಬುಗೆ ಇಲ್ಲದಿದ್ದರೆ ಮುಂದಿನ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ನಮ್ಮ ನೆರೆಯವರೊಬ್ಬರು ಗುಣವಾಗದ ಕಾಯಿಲೆಯ ಕೊನೆಯಲ್ಲಿ ವೆಂಟಿಲೇಟರ್ ಮೇಲೆ ಬಹಳ ದಿನ ಇದ್ದು ಐಸಿಯುವಿನಲ್ಲಿಯೇ ತೀರಿಕೊಂಡರು. ಬೇಡವೆನ್ನಲು ಅವರಿಗೆ ಪ್ರಜ್ಞೆಯಿರಲಿಲ್ಲ, ಸಾಕೆನ್ನಲು ಮಕ್ಕಳಿಗೆ ಧೈರ್ಯ ಬರಲಿಲ್ಲ. ಅದಾದ ಮುಂದಿನ ಗುರುವಾರ ಸಿಸ್ಟರ್ ಲಿವಿಂಗ್ ವಿಲ್‌ನ ವಿಚಾರ ತಂದರು.

ಈ ಹಕ್ಕಿನ ಕಥೆಗೆ ಕರ್ನಾಟಕದ ನಂಟು ಗಾಢವಾಗಿಯೇ ಇದೆ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ 1973ರಲ್ಲಿ ಹಲ್ಲೆಗೊಳಗಾಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಚೇತರಿಸಿಕೊಳ್ಳದ ಸ್ಥಿತಿಯಲ್ಲಿ ಮಲಗಿದ್ದು 2015ರಲ್ಲಿ ತೀರಿಕೊಂಡ ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಯ ಮೇಲೆ 2011ರಲ್ಲಿ ತೀರ್ಪು ನೀಡಿತು. 2018ರ ಮಾರ್ಚ್ 9ರ ತೀರ್ಪು ಘನತೆಯಿಂದ ಸಾಯುವುದನ್ನು ಬದುಕುವ ಹಕ್ಕಿನ ಭಾಗವೆಂದು ಸಾರಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ, ಮಾನ್ಯತೆ ಕೊಟ್ಟಿತು. ಆದರೆ ಅಂದು ವಿಧಿಸಿದ ಕ್ರಮದಲ್ಲಿ ಮ್ಯಾಜಿಸ್ಟ್ರೇಟರ ಮೇಲುಸಹಿ ಬೇಕಿತ್ತು. ಸಾಮಾನ್ಯರಿಗೆ ಅದು ಎಟುಕುವಂತಿರಲಿಲ್ಲ. 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕೆಂದಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಸಿಸ್ಟರ್ ಇದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಬಂದು ಓದಿದರು.

ವಿರೋಧ ಬಲವಾಗಿಯೇ ಬಂತು. ಆಯುಸ್ಸು ದೇವರು ಕೊಟ್ಟದ್ದು, ಅದರ ಲೆಕ್ಕ ನಾವು ಬರೆಯಬಾರದು ಎಂದರು ರಾಯರು. ಆಸ್ತಿಗಾಗಿ ಮಕ್ಕಳೇ ಇದನ್ನು ದುರುಪಯೋಗ ಮಾಡಿಕೊಂಡರೆ ಎಂದು ಇನ್ನೊಬ್ಬರು ಕೇಳಿದರು. ಈ ಎರಡನೆಯ ಭಯಕ್ಕೆ ಉತ್ತರ ಕ್ರಮದಲ್ಲಿಯೇ ಇದೆ: ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ ಮೊದಲು ಒಪ್ಪಬೇಕು, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸುವ ವೈದ್ಯರನ್ನೊಳಗೊಂಡ, ಬೇರೆ ಮೂವರ ಎರಡನೆಯ ಮಂಡಳಿ ಅದನ್ನು ಮತ್ತೆ ಪರಿಶೀಲಿಸಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಬಳಿಕವೇ ಯಂತ್ರ ತೆಗೆಯಬೇಕು. ಜೈನ ಮನೆತನದ ಹಿರಿಯರೊಬ್ಬರು ಶ್ರವಣಬೆಳಗೊಳದ ಸಲ್ಲೇಖನದ ಪ್ರಸ್ತಾಪ ಮಾಡಿ, ಅದು ಗುರುಗಳ ಅನುಮತಿಯಿಂದ ಪೂರ್ಣ ಎಚ್ಚರದಲ್ಲಿ ಕೈಗೊಳ್ಳುವ, ಆಹಾರ ತ್ಯಜಿಸಿ ದೇಹ ಬಿಡುವ ವ್ರತ, ಇದು ಎಚ್ಚರ ಹೋದ ಮೇಲೆ ಯಂತ್ರ ಬೇಡವೆನ್ನುವ ಕಾಗದ, ಎರಡನ್ನೂ ಒಂದೆಂದು ಭಾವಿಸಬಾರದು ಎಂದು ಸ್ಪಷ್ಟಪಡಿಸಿದರು. ಅವರ ಮಾತು ನಮ್ಮ ತಿಳಿವಳಿಕೆಯನ್ನು ನಿಖರಗೊಳಿಸಿತು.

ಬರೆಯಲು ಕುಳಿತಾಗ ಕಷ್ಟ ತಿಳಿಯಿತು. ಯಾವ ಚಿಕಿತ್ಸೆಯೂ ಬೇಡ ಎಂದು ಬರೆದರೆ ನಾಳೆ ನ್ಯುಮೋನಿಯಾ ಬಂದಾಗಲೂ ಗೊಂದಲವಾಗಬಹುದು ಎಂದು ಸಿಸ್ಟರ್ ಎಚ್ಚರಿಸಿದರು. ಆದ್ದರಿಂದ ಗುಣವಾಗುವ ಭರವಸೆಯಿಲ್ಲದ ಕೊನೆಯ ಹಂತದಲ್ಲಿ ಎಂಬ ಮಾತನ್ನು ಮೊದಲು ಸೇರಿಸಿ, ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಕೆಯ ಆಹಾರ, ಎದೆ ಒತ್ತಿ ಉಸಿರು ಮರಳಿಸುವ ಪ್ರಯತ್ನ ಇವುಗಳನ್ನು ಒಂದೊಂದಾಗಿ ಹೆಸರಿಸಿ, ನೋವು ಶಮನದ ಔಷಧವನ್ನು ಮಾತ್ರ ಕೊನೆಯವರೆಗೂ ನಿಲ್ಲಿಸಬಾರದೆಂದು ಬರೆದೆವು. ಕನ್ನಡದಲ್ಲಿಯೇ ಬರೆದು, ವೈದ್ಯರ ಅನುಕೂಲಕ್ಕೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿದೆವು. ನಮ್ಮ ಪರವಾಗಿ ಒಪ್ಪಿಗೆ ನೀಡಲು ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬೇಕು. ನಾನು ಮಗಳನ್ನೂ ತಂಗಿಯ ಮಗನನ್ನೂ ಆರಿಸಿಕೊಂಡೆ. ಮಗಳಿಗೆ ಫೋನಿನಲ್ಲಿ ಹೇಳಿದಾಗ, "ಅಮ್ಮ, ಈ ಮಾತೆಲ್ಲ ಈಗ ಯಾಕೆ? ನೀನು ಚೆನ್ನಾಗಿಯೇ ಇದ್ದೀಯಲ್ಲ" ಎಂದಳು. ಚೆನ್ನಾಗಿರುವಾಗಲೇ ಬರೆಯಬೇಕಾದದ್ದು ಇದು, ಆಮೇಲೆ ನಿನ್ನ ತಲೆಯ ಮೇಲೆ ಆ ಹೊರೆ ಬೀಳಬಾರದು ಎಂದೆ. ಅವಳು ಆ ದಿನ ಉತ್ತರಿಸಲಿಲ್ಲ; ಕೆಲವು ದಿನ ಬಿಟ್ಟು, ನಳಿಕೆಯ ಆಹಾರದ ಸಾಲಿನ ಬಗ್ಗೆ ಎರಡು ಪ್ರಶ್ನೆ ಕೇಳಿ, ಒಪ್ಪಿಕೊಂಡಳು.

ನೋಟರಿಯವರನ್ನು ಗ್ರಂಥಾಲಯಕ್ಕೇ ಕರೆಸಿದೆವು. ಸಾಕ್ಷಿಗಳಾಗಿ ನಮ್ಮ ಆಸ್ತಿಯೊಂದಿಗೆ ಯಾವ ಸಂಬಂಧವೂ ಇಲ್ಲದವರನ್ನು ಹುಡುಕಿಕೊಂಡಿದ್ದೆವು. ಪ್ರತಿಗಳನ್ನು ಕುಟುಂಬದ ವೈದ್ಯರಿಗೂ ಹೆಸರಿಸಿದವರಿಗೂ ಕೊಟ್ಟದ್ದು ಸಲೀಸಾಯಿತು. ಸ್ಥಳೀಯ ಸಂಸ್ಥೆಯಲ್ಲಿ ಇವುಗಳನ್ನು ಕಾಯ್ದಿಡುವ ಅಧಿಕಾರಿಯೊಬ್ಬರು ಇರಬೇಕೆಂಬುದು ತೀರ್ಪಿನ ಆಶಯ. ನಾವು ಹೋದ ಕಚೇರಿಯಲ್ಲಿ ಆ ಹೊಣೆ ಯಾರದೆಂದು ಯಾರಿಗೂ ತಿಳಿದಿರಲಿಲ್ಲ. ಮೇಜಿನಿಂದ ಮೇಜಿಗೆ ಕಳುಹಿಸಿದರು. ತಹಶೀಲ್ದಾರರು ತಮ್ಮ ಹಳೆಯ ರೂಢಿಯಂತೆ, ಟಪಾಲು ವಿಭಾಗದಲ್ಲಿ ಪ್ರತಿಗಳನ್ನು ಸಲ್ಲಿಸಿ, ಮುದ್ರೆ ಹಾಕಿದ ಸ್ವೀಕೃತಿಯನ್ನು ಪಡೆಯದೆ ಅಲ್ಲಿಂದ ಕದಲಲಿಲ್ಲ.

ರಾಯರು ಇಂದಿಗೂ ಸಹಿ ಮಾಡಿಲ್ಲ. ತಮ್ಮ ಕಾರಣಗಳನ್ನು ಲಿಖಿತವಾಗಿಯೇ ಸಭೆಗೆ ಕೊಟ್ಟಿದ್ದಾರೆ, ಅದನ್ನು ನಮ್ಮ ಕಡತದಲ್ಲಿ ಉಳಿದವುಗಳ ಜೊತೆಗೆ ಇರಿಸಿದ್ದೇವೆ. ಆದರೆ ಪ್ರತಿಗಳನ್ನು ಕಾಯ್ದಿಡುವ ಅಧಿಕಾರಿಯನ್ನು ನೇಮಿಸುವಂತೆ ಸ್ಥಳೀಯ ಸಂಸ್ಥೆಗೆ ನಾವು ಸಿದ್ಧಪಡಿಸಿರುವ ಮನವಿಗೆ ಮೊದಲ ಸಹಿ ಹಾಕಿದವರು ಅವರೇ. ಬರೆದಿಟ್ಟವರ ಮಾತು ಕಳೆದುಹೋಗಬಾರದು ಎಂಬುದು ಅವರು ಕೊಟ್ಟ ಕಾರಣ. ಈ ಗುರುವಾರ ಉಳಿದವರ ಸಹಿ ಸಂಗ್ರಹಿಸಿ, ಮನವಿಯ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಯವರಿಗೂ ಕಳುಹಿಸಲಿದ್ದೇವೆ.